ಟೋಟಲ್ ಲೋಡ್ ಕಮ್ಮಿ ಇದ್ರೂ ಪಿಡಿಯು ಬ್ರೇಕರ್ ಟ್ರಿಪ್ ಆಗ್ತಿದೆ, ಯಾಕೆ?

ರಾತ್ರಿಪಾಳಿ:
ಎಲ್ರಿಗೂ ನಮಸ್ಕಾರ. ನಮ್ ರ‍್ಯಾಕ್‌ನಲ್ಲಿ ಎ ಫೀಡ್‌ಗೊಂದು ಬಿ ಫೀಡ್‌ಗೊಂದು ಪಿಡಿಯು (ಸರ್ವರ್‌ಗಳಿಗೆ ಕರೆಂಟ್ ಹಂಚೋ ಸಾಕೆಟ್ ಪಟ್ಟಿ) ಇದೆ, ಫೀಡ್ ಅಂದ್ರೆ ಬೇರೆ ಬೇರೆ ಕರೆಂಟ್ ಲೈನ್, ಎರಡೂ 32 ಆಂಪ್ ಸಿಂಗಲ್ ಫೇಸ್, ಒಂದೊಂದ್ರಲ್ಲೂ ಎರಡೆರಡು ಬ್ಯಾಂಕು (ಸಾಕೆಟ್‌ಗಳ ಗುಂಪು), ಬ್ಯಾಂಕಿಗೆ ಒಂದು 16 ಆಂಪ್ ಬ್ರೇಕರ್. ಯುಪಿಎಸ್ ಸರ್ವೀಸ್‌ಗೆ ಅಂತ ಬಿ ಫೀಡ್ ಆಫ್ ಮಾಡಿದ್ವಿ, ಮುಕ್ಕಾಲು ಗಂಟೆ ಏನೂ ಆಗ್ಲಿಲ್ಲ, ಆಮೇಲೆ ಎ ಪಿಡಿಯುನ ಮೊದಲನೇ ಬ್ಯಾಂಕ್ ಟ್ರಿಪ್ ಆಗಿ ಅದರಲ್ಲಿದ್ದ ಸರ್ವರ್‌ಗಳೆಲ್ಲ ಡೌನ್. ಮಾಮೂಲಿಯಾಗಿ ಒಂದೊಂದು ಪಿಡಿಯು 12 ಆಂಪ್ ತೋರಿಸುತ್ತೆ, ಡಬಲ್ ಆದ್ರೂ 24 ತಾನೆ? ಬ್ರೇಕರ್ ವೀಕ್ ಆಗಿದ್ಯಾ? 20 ಆಂಪ್‌ದು ಹಾಕ್ಸಿದ್ರೆ ಆಗುತ್ತಾ?

ಫ್ಯೂಸ್‌ಮಾಮ:
20 ಆಂಪ್ ಐಡಿಯಾ ಇಲ್ಲಿಗೇ ಬಿಟ್ಬಿಡಿ. ಆ ಬ್ರೇಕರ್ ಇರೋದು ನಿಮ್ ಸರ್ವರ್ ಕಾಯೋಕಲ್ಲ, ಒಳಗಿನ ವೈರು, ಸಾಕೆಟ್ ಸುಡದೇ ಇರ್ಲಿ ಅಂತ, ಪಿಡಿಯುನ ದೊಡ್ಡ ಸಾಕೆಟ್ ಸಿ19ರ ರೇಟಿಂಗೇ 16 ಆಂಪ್, ಚಿಕ್ಕದು ಸಿ13 ಅಂತೂ 10. ಟೋಟಲ್ ನೋಡ್ಬೇಡಿ, ಬ್ಯಾಂಕ್‌ವೈಸ್ ಎಷ್ಟಿದೆ ಹೇಳಿ.

ರಾತ್ರಿಪಾಳಿ:
ಈಗ ನೋಡ್ದೆ ಸರ್, ಮೊದಲನೇದು 10, ಎರಡನೇದು ಬರೀ 2. ದೊಡ್ಡ ಸರ್ವರ್ ಎಲ್ಲಾ ಒಂದೇ ಬ್ಯಾಂಕಲ್ಲಿದೆ, ಬಿ ಕಡೇನೂ ಹಂಗೇ.

ಫ್ಯೂಸ್‌ಮಾಮ:
ಸಿಕ್ತಲ್ಲ. ಬಿ ಹೋದ ತಕ್ಷಣ ಆ ಕಡೆಯ 10 ಆಂಪೂ ಸೇರಿ ಆ ಬ್ಯಾಂಕ್ ಮೇಲೆ 20 ಆಂಪ್ ಬಿತ್ತು. ಸಾಮಾನ್ಯ 16 ಆಂಪ್ ಎಂಸಿಬಿ (ಸಣ್ಣ ಸರ್ಕ್ಯೂಟ್ ಬ್ರೇಕರ್) 1.13 ಪಟ್ಟು, ಅಂದ್ರೆ ಸುಮಾರು 18 ಆಂಪ್‌ವರೆಗೆ ಒಂದು ಗಂಟೆ ತಡ್ಕೋಬೇಕು, 1.45 ಪಟ್ಟು ಅಂದ್ರೆ 23 ದಾಟಿದ್ರೆ ಗಂಟೆಯೊಳಗೆ ಬೀಳ್ಲೇಬೇಕು, ನಿಮ್ದು ಮಧ್ಯದಲ್ಲಿ ಕೂತಿದೆ, ಇವತ್ತು ನಿಲ್ಲುತ್ತೆ ನಾಳೆ ಬೀಳುತ್ತೆ. ಅದೂ ಆ ಲೆಕ್ಕ 30 ಡಿಗ್ರೀದು, ರ‍್ಯಾಕ್ ಹಿಂದಗಡೆ ಬಿಸಿಗಾಳಿಯಲ್ಲಿ ಥರ್ಮಲ್ (ಬಿಸಿಯಾದ್ರೆ ಬೀಳೋ) ಬ್ರೇಕರ್ ಇನ್ನೂ ಬೇಗ ಬೀಳುತ್ತೆ. ಬ್ರೇಕರ್ ತನ್ನ ಕೆಲಸ ಸರಿಯಾಗೇ ಮಾಡಿದೆ.

ಕೇಬಲ್‌ಗಂಟು:
ಒಂದು ಸಣ್ಣ ತಕರಾರು, ಎಷ್ಟೋ ಪಿಡಿಯುಗಳಲ್ಲಿ ಇರೋದು ಹೈಡ್ರಾಲಿಕ್ ಮ್ಯಾಗ್ನೆಟಿಕ್ ಬ್ರೇಕರ್, ಅದಕ್ಕೆ ಸುತ್ತಲಿನ ಬಿಸಿ ಅಷ್ಟಾಗಿ ತಟ್ಟಲ್ಲ, ಯಾವ್ದು ಅಂತ ಡೇಟಾಶೀಟ್ ನೋಡ್ಕೊಳ್ಳಿ. ಏನೇ ಆದ್ರೂ ಲೋಡ್ ಹಂಚಲೇಬೇಕು, 6-6 ಮಾಡಿದ್ರೆ ಒಂದು ಫೀಡ್ ಹೋದಾಗ ಬ್ಯಾಂಕಿಗೆ 12 ಬರುತ್ತೆ, ಸೇಫ್ ಮಿತಿ ಅಂತ ಇಟ್ಕೊಳ್ಳೋ 16ರ 80 ಪರ್ಸೆಂಟ್ ಅಂದ್ರೆ 12.8, ಅದರೊಳಗೇ ಇರ್ತೀರ. ಮತ್ತೆ ಟ್ರಿಪ್ ಆದ ಬ್ಯಾಂಕನ್ನ ಎಲ್ಲಾ ಕಾರ್ಡ್ ಚುಚ್ಚಿಟ್ಟೇ ಆನ್ ಮಾಡ್ಬೇಡಿ, ಪವರ್ ಸಪ್ಲೈಗಳ ಕೆಪಾಸಿಟರ್ ಎಲ್ಲಾ ಒಟ್ಟಿಗೆ ಚಾರ್ಜ್ ಆಗೋಕೆ ಕೆಲವೇ ಮಿಲಿಸೆಕೆಂಡ್ ಭಾರಿ ಕರೆಂಟ್ ಎಳೀತವೆ, ಪಟ್ ಅಂತ ಮತ್ತೆ ಬೀಳುತ್ತೆ. ಸ್ವಿಚ್ಡ್ ಪಿಡಿಯು (ಒಂದೊಂದು ಸಾಕೆಟ್ಟನ್ನೂ ಬೇರೆಬೇರೆಯಾಗಿ ಆನ್-ಆಫ್ ಮಾಡಬಹುದಾದ್ದು) ಆದ್ರೆ ಔಟ್‌ಲೆಟ್ ಡಿಲೇ ಹಾಕಿ.

ರಾತ್ರಿಪಾಳಿ:
ಸರ್ವರ್ ಆಫ್ ಮಾಡದೇ ಕಾರ್ಡ್ ಬದಲಾಯಿಸ್ಬಹುದಾ?

ಕೇಬಲ್‌ಗಂಟು:
ಡ್ಯುಯಲ್ ಪವರ್ ಸಪ್ಲೈ ಇದ್ರೆ ಆಗುತ್ತೆ, ಆದ್ರೆ ಒಂದೊಂದೇ ಕಾರ್ಡ್, ಪ್ರತಿ ಸಲ ಎರಡೂ ಸಪ್ಲೈ ಲೈಟ್ ಹಸಿರು ಇದ್ಯಾ ನೋಡ್ಕೊಂಡು. ಆಮೇಲೆ ಸರ್ವರ್ ಸೆಟ್ಟಿಂಗ್‌ನಲ್ಲಿ ಹಾಟ್ ಸ್ಪೇರ್ ಮೋಡ್ ಆನ್ ಇದ್ರೆ ಲೋಡ್ ಪೂರ್ತಿ ಒಂದೇ ಸಪ್ಲೈ ಮೇಲೆ ಇರುತ್ತೆ, ಆಗ ಎ ರೀಡಿಂಗ್ ಡಬಲ್ ಮಾಡೋ ಲೆಕ್ಕ ತಪ್ಪುತ್ತೆ, ಎ ಬಿ ಎರಡರ ಬ್ಯಾಂಕ್ ರೀಡಿಂಗನ್ನೂ ಕೂಡಿಸಿ ನೋಡಿ.