‘ಸ್ಟೆಡಿಂಗ್’ಗೆ ತೊಟ್ಟಿಮನೆ ಅನ್ನಬಹುದೇ?

ಸ್ಕಾಟ್ಲೆಂಡಿನ ಬೇಸಾಯದ ಬಗೆಗಿನ ಒಂದು ಬರಹವನ್ನು ಕನ್ನಡಕ್ಕೆ ತರುತ್ತಿದ್ದೇನೆ. ಎರಡು ವಾರದಿಂದ ‘ಸ್ಟೆಡಿಂಗ್’ ಅನ್ನುವ ಪದ ಮುಂದೆ ಹೋಗಲು ಬಿಡುತ್ತಿಲ್ಲ. ಅದು ಬೇಸಾಯದ ಕಟ್ಟಡಗಳ ಗುಂಪು: ನಡುವೆ ಅಂಗಳ, ಸುತ್ತ ಕಲ್ಲಿನ ಕಟ್ಟಡ. ಚಿತ್ರ ನೋಡಿದ್ದೇ ತಡ ‘ತೊಟ್ಟಿಮನೆ’ ಅಂತ ಬರೆದುಬಿಟ್ಟೆ. ಕಸಿವಿಸಿ ಶುರುವಾದದ್ದು ಆಮೇಲೆ.

ತೊಟ್ಟಿಯ ಸುತ್ತ ಬಾಳುವವರು ಮನುಷ್ಯರು. ಕಂಬ, ಜಗಲಿ, ಅಡುಗೆಮನೆ, ದೇವರ ಕೋಣೆ ಎಲ್ಲ ಅದಕ್ಕೆ ಮುಖ ಮಾಡಿರುತ್ತವೆ. ಸ್ಟೆಡಿಂಗ್‌ನ ಅಂಗಳದ ಸುತ್ತ ಇರುವುದು ದನದ ಕೊಟ್ಟಿಗೆ, ಕುದುರೆ ಲಾಯ, ಕಮಾನು ಬಾಗಿಲ ಗಾಡಿಮನೆ, ಅದರ ಅಟ್ಟದ ಮೇಲೆ ಕಣಜ. ಕಣಜಕ್ಕೆ ಹೊರಗಿನಿಂದ ಕಲ್ಲಿನ ಮೆಟ್ಟಿಲು. ಎಷ್ಟೋ ಕಡೆ ಆ ಮೆಟ್ಟಿಲ ಕೆಳಗಿನ ಪೊಟರೆಯೇ ನಾಯಿಗೂಡು. ಅಂಗಳದ ನಟ್ಟನಡುವೆ? ತಿಪ್ಪೆ! ತೊಟ್ಟಿಯಲ್ಲಿ ತಿಪ್ಪೆ ಅಂದರೆ ನಮ್ಮಜ್ಜಿ ಸೌಟು ಹಿಡಿದು ಬಂದಾಳು.

18ನೇ ಶತಮಾನದ ಕೊನೆಯಿಂದ, ಬೇಸಾಯ ಸುಧಾರಣೆಯ ಭರದಲ್ಲಿ ಕಟ್ಟಿದ ದೊಡ್ಡ ಹಿಡುವಳಿಗಳಲ್ಲಂತೂ ಯಜಮಾನನ ಮನೆ ಅಂಗಳಕ್ಕೆ ಬೆನ್ನು ಹಾಕಿ ಅಷ್ಟು ದೂರ ಸರಿದು ನಿಂತಿರುತ್ತದೆ. ಅಲ್ಲಿನವರ ಬಾಯಲ್ಲಿ ಸ್ಟೆಡಿಂಗ್ ಅಂದರೆ ಸಾಮಾನ್ಯವಾಗಿ ವಾಸದ ಮನೆ ಬಿಟ್ಟು ಮಿಕ್ಕ ಕಟ್ಟಡಗಳು. ಸಣ್ಣ ಹಿಡುವಳಿಗಳ ಮಾತು ಬೇರೆ, ಅಲ್ಲಿ ಮನೆಯೂ ಅಂಗಳಕ್ಕೆ ಅಂಟಿಕೊಂಡಿರುವುದುಂಟು.

ಅಂಗಳಕ್ಕೆ ಅವರು ‘ಕ್ಲೋಸ್’ ಅನ್ನುತ್ತಾರೆ. ಎಡಿನ್‌ಬರೋ ಪೇಟೆಯಲ್ಲಿ ಅದೇ ಪದಕ್ಕೆ ಇಕ್ಕಟ್ಟಿನ ಓಣಿ ಅಂತ ಅರ್ಥ. ನಾನು ಮೊದಲ ಕರಡಿನಲ್ಲಿ ದನಗಳನ್ನು ಓಣಿಗೆ ಹೊಡೆದಿದ್ದೆ!

ಕಣಜ, ತಿಪ್ಪೆ, ಲಾಯ ತಾವಾಗಿ ಬಂದವು. ಖುಷಿ ಕೊಟ್ಟದ್ದು ಇನ್ನೊಂದು. ಆಂಡ್ರ್ಯೂ ಮೀಕಲ್ 1786ರ ಸುಮಾರಿಗೆ ಪೂರ್ವ ಲೋದಿಯನ್‌ನಲ್ಲಿ ಒಕ್ಕಣೆ ಯಂತ್ರ ಮಾಡಿದ ಮೇಲೆ, ಅದನ್ನು ತಿರುಗಿಸಲು ಒಕ್ಕಣೆ ಮನೆಯ ಗೋಡೆಗೆ ತಾಗಿಸಿ ದುಂಡಗಿನ, ಇಲ್ಲವೇ ಆರೆಂಟು ಮೂಲೆಗಳ ಚಾವಣಿ ಕಟ್ಟತೊಡಗಿದರು. ಒಳಗೆ ಕುದುರೆಗಳು ಸುತ್ತುತ್ತಿದ್ದವು, ಹಲ್ಲುಚಕ್ರದ ಮೂಲಕ ಆಚೆ ಯಂತ್ರ ತಿರುಗುತ್ತಿತ್ತು. ನಾನು ‘ಕುದುರೆಗಾಣ’ ಅಂತ ಬರೆದೆ. ಎಣ್ಣೆಯೂ ಇಲ್ಲ, ಕಬ್ಬೂ ಇಲ್ಲ, ಗಾಣ ಹೇಗಾದೀತು ಅಂತ ಯಾರಾದರೂ ಕೇಳಬಹುದು. ಸುತ್ತು ಒಂದೇ ತಾನೇ?

ಮತ್ತೆ ಸ್ಟೆಡಿಂಗ್‌ಗೆ ಬರೋಣ. ‘ಸ್ಟೆಡ್’ ಅಂದರೆ ತಾಣ, ಸಂಸ್ಕೃತದ ‘ಸ್ಥಿತಿ’ಗೆ ದೂರದ ನೆಂಟ. ದೊಡ್ಡಿ ಅಂದರೆ ಬರೀ ದನ ಕೂಡುವ ಜಾಗವಾಗುತ್ತದೆ. ನನ್ನ ಮನಸ್ಸು ‘ಹಟ್ಟಿ’ಯ ಕಡೆ ವಾಲಿದೆ. ಕರಾವಳಿಯಲ್ಲಿ ಅದು ದನದ ಕೊಟ್ಟಿಗೆ, ಚಿತ್ರದುರ್ಗದ ಕಡೆ ಗೊಲ್ಲರ ಹಟ್ಟಿ, ನೀಲಗಿರಿಯ ಬಡಗರಲ್ಲಿ ಇಡೀ ಊರೇ ಹಟ್ಟಿ. ದನವೂ ನೆಲೆಯೂ ಒಂದೇ ಪದದೊಳಗಿವೆ. ಅಡ್ಡಿ ಇರುವುದು ಚಾಮರಾಜನಗರದಲ್ಲಿ: ಅಲ್ಲಿ ‘ಹಟ್ಟಿಗೆ ಹೋಯ್ತೀನಿ’ ಅಂದರೆ ಮನೆಗೆ ಹೋಗುತ್ತೇನೆ ಅಂತ. ಅಂದರೆ ನಾನು ಹೊರಗಿಡಬೇಕೆಂದಿರುವ ವಾಸದ ಮನೆಯೇ ಮತ್ತೆ ಒಳಗೆ ಬಂದು ಕೂರುತ್ತದೆ. ಆ ಕಡೆಯವರು ಯಾರಾದರೂ ಹೇಳಿ: ‘ಬೇಸಾಯದ ಹಟ್ಟಿ’ ಅಂದರೆ ನಿಮಗೆ ಮೊದಲು ಕಾಣುವುದು ಒಲೆಯೋ, ಗೋದಲೆಯೋ?