ಸಹಾಯ ಬೇಕು: ಬೋರ್ ನೀರಿಗೆ ಫ್ರಂಟ್ ಲೋಡ್ ವಾಷಿಂಗ್ ಮಷಿನ್ ತಡೀತದೇನ್ರಿ?

ನಮಸ್ಕಾರ್ರೀ. ವಿಜಯಪುರದಾಗ ನಮ್ಮ ಮನಿ ಬೋರ್ ನೀರು ಭಾಳ ಗಡಸು, ಬಕೆಟ್ಟಿಗೆಲ್ಲಾ ಬಿಳಿ ಪದರ. ಹಳೇ ಫ್ರಂಟ್ ಲೋಡ್ ಮಷಿನ್ 6 ವರ್ಷಕ್ಕ ಕೈಕೊಟ್ತು. ಬಿಚ್ಚಿಸಿ ನೋಡಿದ್ರ ಹೀಟರ್ ಮ್ಯಾಲೆ ಸುಣ್ಣ ಗಟ್ಟಿಯಾಗಿ ಕುಂತಿತ್ತು, ಬಾಗಲದ ರಬ್ಬರಿನಾಗ ಕರೀ ಬೂಷ್ಟು ಬ್ಯಾರೆ. ತಪ್ಪು ನಮ್ದ ಬಿಡ್ರಿ: ಒಗದ ಮ್ಯಾಲೆ ಬಾಗಲಾ ತೆರೆದಿಡಲಿಲ್ಲ, ಕೆಳಗಿನ ಫಿಲ್ಟರ್ ಒಮ್ಮೆನೂ ತೊಳೀಲಿಲ್ಲ.

ಈಗ 8 ಕೆಜಿದ್ದು ನೋಡಾಕತ್ತೀವಿ, ಮನ್ಯಾಗ 5 ಮಂದಿ. ಅವ್ವ ಮಾತ್ರ "ಟಾಪ್ ಲೋಡೇ ತಗೋ, ಬಗ್ಗೂದು ತಪ್ಪತದ" ಅಂತಾಳ. ಆಕಿ ಮೊಣಕಾಲಿಗೆ ತ್ರಾಸ ಆಗದಂಗ ಮಷಿನ್ ಕೆಳಗ ಸ್ಟ್ಯಾಂಡ್ ಹಾಕಿ ಎತ್ತರ ಮಾಡಿದ್ರ ಸಾಕಲ್ಲ?

ನಳಕ್ಕ ಹಚ್ಚೋ ಗಡಸು ನೀರಿನ ಫಿಲ್ಟರ್ ಖರೇನ ಉಪಯೋಗ ಅದ ಏನ್ರಿ? ಸುಣ್ಣ ತೆಗಿಯೋ ಪೌಡರ್ ಎಷ್ಟು ದಿನಕ್ಕೊಮ್ಮೆ ಹಾಕ್ತೀರಿ? ಇಂಥಾ ನೀರಾಗ ವಾಪರಿಸಿದವರು ಹೇಳ್ರಿ, ಅಂಗಡ್ಯಾವ್ರ ಮಾತು ಕೇಳಿ ಸಾಕಾಗೇದ.