ಹಾಲು ಕಕ್ಕುವ ಕೂಸನ್ನು ಹೇಗೆ ಮಲಗಿಸೋದು?

ಪ್ರಶ್ನೆ (ಸಕಲೇಶಪುರದ ಒಬ್ಬ ತಾಯಿ): ನಮಸ್ತೆ ಮೇಡಂ. ನನ್ನ ಮಗನಿಗೆ ಇವತ್ತಿಗೆ 24 ದಿನ. ಬರೀ ಎದೆಹಾಲು. ಕುಡಿದು ಅರ್ಧ ಗಂಟೆಯೊಳಗೆ ಕಕ್ಕುತ್ತಾನೆ, ಕೆಲವು ಸಲ ಮೊಸರಿನ ಥರ ಬರುತ್ತೆ. ಹುಟ್ಟಿದಾಗ 2.9 ಕೆಜಿ, ಈಗ 3.3. ಅಂಗಾತ ಮಲಗಿಸಿದರೆ ಹಾಲು ನೆತ್ತಿಗೆ ಹತ್ತುತ್ತೆ ಅಂತ ನಮ್ಮತ್ತೆ ಮಗ್ಗುಲಾಗಿ ಮಲಗಿಸಿ ಬೆನ್ನಿಗೆ ದಿಂಬು ಕೊಡ್ತಾರೆ. ಮರದ ತೊಟ್ಟಿಲ ತಲೆದೆಸೆಗೆ ಎರಡು ಇಟ್ಟಿಗೆನೂ ಇಟ್ಟಿದ್ದಾರೆ. ನನಗೆ ರಾತ್ರಿ ಕಣ್ಣು ಮುಚ್ಚೋಕೇ ಭಯ. ಯಾವುದು ಸರಿ?

ಉತ್ತರ (ಮಕ್ಕಳ ವೈದ್ಯೆ, ಹಾಸನ): ಮೊದಲು ತೂಕದ ಮಾತು. 24 ದಿನಕ್ಕೆ 400 ಗ್ರಾಂ ಏರಿದೆ, ಅಂದರೆ ಹಾಲು ಮೈಗೆ ಹತ್ತುತ್ತಿದೆ. ಜಠರದ ಬಾಯಿ ಬಿಗಿಯಾಗಿ ಮುಚ್ಚೋದನ್ನ ಕೂಸಿನ ದೇಹ ಇನ್ನೂ ಕಲಿತಿಲ್ಲ, ಅದಕ್ಕೇ ಈ ಕಕ್ಕು. 4 ತಿಂಗಳ ಹೊತ್ತಿಗೆ ಇದು ಇನ್ನೂ ಜಾಸ್ತಿ ಅನ್ನಿಸಬಹುದು. ಹೆಚ್ಚಿನ ಮಕ್ಕಳಿಗೆ ವರ್ಷ ತುಂಬೋದರೊಳಗೆ ತಾನಾಗೇ ನಿಲ್ಲುತ್ತೆ.

ಮಲಗಿಸೋದು ಅಂಗಾತವೇ. ಹಗಲಿರಲಿ ರಾತ್ರಿಯಿರಲಿ, ಕಕ್ಕುವ ಮಗುವಾದರೂ ಸರಿ, ಸಮತಟ್ಟಾದ ಗಟ್ಟಿ ಹಾಸಿಗೆಯ ಮೇಲೆ ಅಂಗಾತ. ನಿಮ್ಮತ್ತೆಯವರ ಭಯ ನನಗೆ ಅರ್ಥವಾಗುತ್ತೆ. ಅವರಿಗೆ ಹೀಗೆ ತೋರಿಸಿ: ಕತ್ತಿನ ಮುಂದೆ ಬೆರಳಿಟ್ಟರೆ ಗಟ್ಟಿಯಾಗಿ ಸಿಗೋದು ಶ್ವಾಸನಾಳ, ಅನ್ನನಾಳ ಅದರ ಹಿಂದೆ. ಅಂಗಾತ ಮಲಗಿದಾಗ ಶ್ವಾಸನಾಳ ಮೇಲೆ, ಅನ್ನನಾಳ ಕೆಳಗೆ. ಉಕ್ಕಿ ಬಂದ ಹಾಲು ಶ್ವಾಸನಾಳಕ್ಕೆ ಹೋಗಬೇಕಾದರೆ ಮೇಲಕ್ಕೆ ಹತ್ತಬೇಕು, ಹಾಗಾಗಿ ವಾಪಸ್ ಕೆಳಗೇ ಇಳಿಯುತ್ತೆ. ಬೋರಲು ಮಲಗಿಸಿ ನೋಡಿ, ಎಲ್ಲ ತಿರುವುಮುರುವು: ಅನ್ನನಾಳ ಮೇಲೆ ಬಂತು, ಹಾಲು ನೇರವಾಗಿ ಉಸಿರಿನ ದಾರಿಯ ಬಾಯಿಗೇ ಇಳಿಯುತ್ತೆ.

ಮಗ್ಗುಲೂ ಬೇಡ, ಕೂಸು ಅಲ್ಲಿಂದ ಬೋರಲಿಗೆ ಉರುಳೋಕೆ ಹೊತ್ತು ಬೇಕಿಲ್ಲ. ಬೆನ್ನಿಗಿಟ್ಟ ದಿಂಬೇ ಮೂಗು ಮುಚ್ಚಬಹುದು. ಅಮೆರಿಕದಲ್ಲಿ 1994ರಲ್ಲಿ ಕೂಸುಗಳನ್ನ ಅಂಗಾತ ಮಲಗಿಸಿ ಅನ್ನೋ ಅಭಿಯಾನ ಶುರುವಾಯಿತು. ಮುಂದಿನ ವರ್ಷಗಳಲ್ಲಿ ನಿದ್ದೆಯಲ್ಲಿ ಹಠಾತ್ತಾಗಿ ತೀರಿಕೊಳ್ಳುವ ಕೂಸುಗಳ ಪ್ರಮಾಣ ಅರ್ಧಕ್ಕೆ ಇಳಿಯಿತು. ಹಾಲು ಸಿಕ್ಕಿಕೊಂಡು ಸಾಯೋದು ಅದರಿಂದ ಹೆಚ್ಚಲಿಲ್ಲ.

ಇಟ್ಟಿಗೆ ಇವತ್ತೇ ತೆಗೀರಿ. ಓರೆ ಮಾಡಿದರೆ ಕಕ್ಕು ಕಡಿಮೆಯಾಗಲ್ಲ, ಮಗು ಕೆಳಕ್ಕೆ ಜಾರಿ ಗಲ್ಲ ಎದೆಗೆ ಒತ್ತಿ ಉಸಿರಿನ ದಾರಿ ಕಿರಿದಾಗುತ್ತೆ.

ಎತ್ತರಕ್ಕೆ ಹಿಡಿಯೋ ಕೆಲಸವೆಲ್ಲ ನಿಮ್ಮ ತೋಳಲ್ಲಿ, ನೀವು ಎಚ್ಚರ ಇರುವಾಗ. ಕುಡಿದ ಮೇಲೆ 20ರಿಂದ 30 ನಿಮಿಷ ಹೆಗಲಿಗೆ ಹಾಕಿಕೊಳ್ಳಿ, ತೇಗಿಸಿ. ಒಂದು ಎದೆ ಮುಗಿದು ಇನ್ನೊಂದಕ್ಕೆ ಹಾಕುವ ಮುಂಚೆಯೂ ಒಮ್ಮೆ ತೇಗಿಸಿ. ಹೊಟ್ಟೆಗೆ ಬಟ್ಟೆ ಬಿಗಿಯಾಗಿ ಕಟ್ಟಬೇಡಿ. ರಾತ್ರಿ ಈ ಕೆಲಸ ಅತ್ತೆಯವರಿಗೇ ಒಪ್ಪಿಸಿ, ಅವರ ಕಾಳಜಿಗೂ ಒಂದು ದಾರಿ ಸಿಗುತ್ತೆ, ನಿಮಗೂ ಅರ್ಧ ಗಂಟೆ ನಿದ್ದೆ ಸಿಗುತ್ತೆ.

ಆದರೆ ವಾಂತಿ ಹಸಿರಾಗಿದ್ದರೆ, ರಕ್ತ ಕಂಡರೆ, ದೂರಕ್ಕೆ ಚಿಮ್ಮಿದರೆ, ಜ್ವರ ಬಂದರೆ, ಹಾಲು ಒಲ್ಲೆ ಅಂದರೆ, ಉಚ್ಚೆ ಕಡಿಮೆಯಾದರೆ, ಉಸಿರು ತಡೆದು ಮೈ ನೀಲಿಯಾದರೆ ಬೆಳಗಾಗಲಿ ಅಂತ ಕಾಯಬೇಡಿ. ನಡುರಾತ್ರಿಯಾದರೂ 108ಕ್ಕೆ ಫೋನ್ ಮಾಡಿ.

ಪ್ರಶ್ನೆ (ಮೂಡಿಗೆರೆಯ ಒಬ್ಬ ಅಪ್ಪ): ನಮ್ಮಲ್ಲಿ ಮಳೆ, ಚಳಿ ಜಾಸ್ತಿ ಮೇಡಂ. ಕೂಸಿಗೆ ಕುಲಾವಿ ಹಾಕಿ, ದಪ್ಪ ರಗ್ಗು ಹೊದಿಸಿ, ಬಾಣಂತಿ ಕೋಣೆಯಲ್ಲಿ ಕೆಂಡ ಇಡ್ತೀವಿ. ಸೀರೆ ಜೋಲಿಯಲ್ಲಿ ಮಾತ್ರ ನಿದ್ದೆ ಮಾಡುತ್ತೆ. ತಲೆ ದುಂಡಗಾಗಲಿ ಅಂತ ಸಾಸಿವೆ ದಿಂಬೂ ಇದೆ.

ಉತ್ತರ: ಕೆಂಡದ ವಿಷಯ ಮೊದಲು, ಅದು ಎಲ್ಲಕ್ಕಿಂತ ಅಪಾಯ. ಬಾಗಿಲು ಕಿಟಕಿ ಮುಚ್ಚಿದ ಕೋಣೆಯಲ್ಲಿ ಕೆಂಡದಿಂದ ಬರುವ ವಿಷಗಾಳಿಗೆ ವಾಸನೆಯೂ ಇಲ್ಲ, ಬಣ್ಣವೂ ಇಲ್ಲ. ತಾಯಿ ಮಗು ಇಬ್ಬರನ್ನೂ ನಿದ್ದೆಯಲ್ಲೇ ಕೊಲ್ಲಬಲ್ಲದು. ದಯವಿಟ್ಟು ಈ ರಾತ್ರಿಯಿಂದಲೇ ಆಚೆ ಇಡಿ. ಸಾಂಬ್ರಾಣಿ ಹೊಗೆಯೂ ಬೇಡ.

ಚಳಿಗೆ ಒಂದರ ಮೇಲೊಂದು ಹತ್ತಿ ಅಂಗಿ ಹಾಕಿ, ರಗ್ಗು ತೆಗೀರಿ. ಮಲಗಿರುವಾಗ ಕುಲಾವಿಯೂ ಬೇಡ. ಬೆಚ್ಚಗಿದೆಯಾ ಅಂತ ಕೈಕಾಲು ಮುಟ್ಟಿ ನೋಡಬೇಡಿ, ಅವು ತಣ್ಣಗಿರೋದು ಸಹಜ. ಎದೆ ಮುಟ್ಟಿ ನೋಡಿ.

ಜೋಲಿಯಲ್ಲಿ ಬೆನ್ನು ಬಿಲ್ಲಿನಂತೆ ಬಾಗುತ್ತೆ, ಇಟ್ಟಿಗೆಗೆ ಹೇಳಿದ ತೊಂದರೆಯೇ ಇದಕ್ಕೂ. ಅಲ್ಲಿ ನಿದ್ದೆ ಹತ್ತಿದರೆ ಎತ್ತಿ ಸಮತಟ್ಟು ಹಾಸಿಗೆಗೆ ಹಾಕಿ. ಒಂದೆರಡು ದಿನ ಅಳುತ್ತೆ, ತಾಳ್ಮೆ ಇರಲಿ. ಸಾಸಿವೆ ದಿಂಬಿನ ಬದಲು, ಎಚ್ಚರವಿದ್ದಾಗ ನಿಮ್ಮ ಕಣ್ಣೆದುರಿಗೇ ದಿನಕ್ಕೆ ಎರಡು ಮೂರು ಸಲ ಸ್ವಲ್ಪ ಹೊತ್ತು ಬೋರಲು ಹಾಕಿ, ಹಾಲು ಕುಡಿದ ತಕ್ಷಣ ಮಾತ್ರ ಬೇಡ. ತಲೆಗೂ ಕತ್ತಿಗೂ ಒಳ್ಳೇದು.

ಸಕಲೇಶಪುರದ ತಾಯಿ: ಅತ್ತೆಗೆ ಕತ್ತಿನ ಮೇಲೆ ಬೆರಳಿಟ್ಟು ತೋರಿಸಿದೆ ಮೇಡಂ. ಸ್ವಲ್ಪ ಹೊತ್ತು ಸುಮ್ಮನಿದ್ದು, ಅವರೇ ಹೋಗಿ ಇಟ್ಟಿಗೆ ತೆಗೆದರು. ಮತ್ತೆ ತೂಕ ಯಾವಾಗ ನೋಡಿಸಲಿ?

ಉತ್ತರ: ಅತ್ತೆಯವರಿಗೆ ನನ್ನ ನಮಸ್ಕಾರ ಹೇಳಿ. 28ನೇ ದಿನ ಆಶಾ ಕಾರ್ಯಕರ್ತೆ ಮನೆಗೆ ಬರಬೇಕು, ತೂಗಿಸಿ ತಾಯಿ ಕಾರ್ಡಿನಲ್ಲಿ ಬರೆಸಿಕೊಳ್ಳಿ. ದಿನಕ್ಕೆ 20ರಿಂದ 30 ಗ್ರಾಂ ಏರಿದ್ದರೆ ಆರನೇ ವಾರದ ಲಸಿಕೆಗೆ ಬಂದರೆ ಸಾಕು. ಏರದಿದ್ದರೆ ಮಾರನೇ ದಿನವೇ ಕರೆದುಕೊಂಡು ಬನ್ನಿ.